ಸತ್ತ ಗಿಳಿಗೆ ಒನ್ಸ್ ಮೋರ್

ಕಳೆದ ತಿಂಗಳು ಓದುಗರೊಬ್ಬರು ‘ನೀವು ನೋಡಿದ ನಗೆ ಕಾರ್ಯಕ್ರಮಗಳಲ್ಲಿ ಮರೆಯಲಾಗದ್ದು ಯಾವುದು’ ಎಂದು ಕೇಳಿದ್ದರು. 2014ರ ಜುಲೈನಲ್ಲಿ ಲಂಡನ್ನಿನ ಓ2 ಅರೀನಾ ಎಂಬ ದೊಡ್ಡ ಸಭಾಂಗಣದಲ್ಲಿ ನೋಡಿದ ಮಾಂಟಿ ಪೈಥಾನ್ ತಂಡದ ಪ್ರದರ್ಶನ, ಮುದುಕರೆಲ್ಲ ಮತ್ತೆ ಒಟ್ಟಾಗಿ ಹಳೇ ಜೋಕುಗಳನ್ನೇ ಆಡಿದರು ಎಂದು ಎರಡು ಸಾಲು ಬರೆದು ಮುಗಿಸಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲ ಜಾಸ್ತಿ. ಹಾಗಾಗಿ ಅಡುಗೆ, ರಾಜಕೀಯ, ಮದುವೆ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ಸಾರ್, ಮಾಂಟಿ ಪೈಥಾನ್ ಅಂದರೆ ಯಾವುದೋ ಹಾವಿನ ಸಿನಿಮಾ ಅಂದುಕೊಂಡೆ. ಯಾರಿವರು?
– ತಿಪಟೂರಿನಿಂದ ಒಬ್ಬರು

ಉತ್ತರ: ಹಾವೂ ಇಲ್ಲ, ಮಾಂಟಿ ಅನ್ನುವ ಮನುಷ್ಯನೂ ಇಲ್ಲ. ಆರು ಜನ ಸೇರಿ ಬ್ರಿಟನ್ನಿನಲ್ಲಿ ಕಟ್ಟಿದ ನಗೆ ತಂಡ. ಜಾನ್ ಕ್ಲೀಸ್, ಗ್ರಹಾಂ ಚಾಪ್ಮನ್, ಎರಿಕ್ ಐಡಲ್ ಕೇಂಬ್ರಿಜ್‌ನಲ್ಲಿ ಓದಿದವರು. ಮೈಕಲ್ ಪೇಲಿನ್, ಟೆರಿ ಜೋನ್ಸ್ ಆಕ್ಸ್‌ಫರ್ಡ್‌ನವರು. ಆರನೆಯವರು ಟೆರಿ ಗಿಲಿಯಂ, ಅಮೆರಿಕದಿಂದ ಬಂದು ಸೇರಿಕೊಂಡ ಚಿತ್ರಗಾರ. ಹಳೇ ಫೋಟೋ, ಹಳೇ ಪುಸ್ತಕದ ಚಿತ್ರಗಳನ್ನು ಕತ್ತರಿಸಿ ಕುಣಿಸುತ್ತಿದ್ದರಲ್ಲ, ಆ ವಿಚಿತ್ರ ಅನಿಮೇಷನ್ ಅವರದು. ಇವರ ಟಿವಿ ಕಾರ್ಯಕ್ರಮ 1969ರ ಅಕ್ಟೋಬರ್ 5ಕ್ಕೆ ಬಿಬಿಸಿಯಲ್ಲಿ ಶುರುವಾಗಿ 1974ರ ಡಿಸೆಂಬರ್‌ಗೆ ಮುಗಿಯಿತು. ಒಟ್ಟು 45 ಕಂತು. ಆಮೇಲೆ ಕೆಲವು ಸಿನಿಮಾ ಮಾಡಿದರು. ಅಷ್ಟು ಕಡಿಮೆ ಸರಕು ಇಟ್ಟುಕೊಂಡು ಅರ್ಧ ಶತಮಾನ ಬಾಳಿದ ತಂಡ ಬೇರೆ ಇದ್ದ ಹಾಗಿಲ್ಲ.

ಅವರ ಹೊಸತನ ಎಲ್ಲಿತ್ತು ಅಂದರೆ, ಜೋಕಿಗೆ ಕೊನೆಯ ಪಂಚ್ ಇರಲೇಬೇಕು ಅನ್ನುವುದನ್ನೇ ಕೈಬಿಟ್ಟರು. ಪ್ರಹಸನ ಮಧ್ಯಕ್ಕೆ ಬಂದಿರುತ್ತದೆ, ಮಿಲಿಟರಿ ಸಮವಸ್ತ್ರದ ಕರ್ನಲ್ ಒಬ್ಬ ನುಗ್ಗಿ ‘ಇದು ತೀರಾ ಹುಚ್ಚಾಟವಾಯಿತು, ನಿಲ್ಲಿಸಿ’ ಅನ್ನುತ್ತಾನೆ. ಇಲ್ಲವೇ ಮೇಲಿಂದ ಹದಿನಾರು ಟನ್ನಿನ ತೂಕದ ಕಲ್ಲು ದೊಪ್ಪೆಂದು ಬೀಳುತ್ತದೆ. ಮುಗಿಯಿತು, ಮುಂದಿನದು. ನೋಡುವವನಿಗೆ ಮುಂದೇನು ಬರುತ್ತದೆ ಅಂತ ಗೊತ್ತೇ ಆಗಬಾರದು. ಈ ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಬೇಕಾಗುತ್ತದೆ.

ಪ್ರಶ್ನೆ: ಟಿಕೆಟ್ ಸಿಕ್ಕಿದ್ದು ಹೇಗೆ? ಮುಂದಿನ ಸಾಲಾ?
– ಹಾಸನ

ಉತ್ತರ: ಮುಂದಿನ ಸಾಲು ಕನಸಿನಲ್ಲಿ. ಮೊದಲು ಜುಲೈ 1ರ ಒಂದೇ ಒಂದು ಪ್ರದರ್ಶನ ಅಂತ ಘೋಷಿಸಿದ್ದರು. ಟಿಕೆಟ್ ಮಾರಾಟಕ್ಕಿಟ್ಟ 43.5 ಸೆಕೆಂಡಿನಲ್ಲಿ ಖಾಲಿ! ಆಮೇಲೆ ದಿನಗಳನ್ನು ಸೇರಿಸುತ್ತಾ ಹೋಗಿ ಹತ್ತಕ್ಕೆ ನಿಲ್ಲಿಸಿದರು. ಕೊನೆಯದು ಜುಲೈ 20. ನನ್ನ ಮಗಳು ಆಗ ಅಲ್ಲಿ ಓದುತ್ತಿದ್ದಳು, ಟಿಕೆಟ್ ಹಿಡಿದದ್ದು ಅವಳು. ದರ ಹೇಳುವಾಗ ಐಡಲ್ ‘ರೋಲಿಂಗ್ ಸ್ಟೋನ್ಸ್‌ಗಿಂತ ಮುನ್ನೂರು ಪೌಂಡ್ ಕಡಿಮೆ’ ಅಂತ ಆ ಹಳೇ ರಾಕ್ ಸಂಗೀತ ತಂಡದ ಹೆಸರು ಹೇಳಿ ತಮಾಷೆ ಮಾಡಿದ್ದರು. ಪೌಂಡಿಗೆ ನೂರು ರೂಪಾಯಿ ಆಸುಪಾಸು ಇದ್ದ ಕಾಲ, ನಾನು ಮನಸ್ಸಿನಲ್ಲೇ ಗುಣಿಸಿಕೊಂಡು ಸುಮ್ಮನಾದೆ.

ಪ್ರಶ್ನೆ: ಅಷ್ಟು ದೊಡ್ಡ ಜಾಗದಲ್ಲಿ ಕೂತರೆ ನಗೆನಾಟಕ ಕಾಣಿಸುತ್ತಾ?
– ಧಾರವಾಡ

ಉತ್ತರ: ಇಲ್ಲ. ಓ2 ಅರೀನಾ ಅಂದರೆ ಥೇಮ್ಸ್ ನದಿ ಪಕ್ಕ, ಗ್ರೀನಿಚ್‌ನಲ್ಲಿ, ಹನ್ನೆರಡು ಹಳದಿ ಕಂಬ ಚುಚ್ಚಿ ನಿಲ್ಲಿಸಿದ ಬಿಳೀ ಡೇರೆಯ ಒಳಗಿರುವ ಸಭಾಂಗಣ. 2000ನೇ ಇಸವಿಗೆಂದು ಕಟ್ಟಿದ ಮಿಲೇನಿಯಂ ಡೋಮ್ ಅದೇ. ನಮ್ಮ ಸೀಟಿನಿಂದ ಕ್ಲೀಸ್ ಬೆರಳಷ್ಟು ಉದ್ದ ಕಾಣುತ್ತಿದ್ದರು, ಅವರು ಆರೂವರೆ ಅಡಿ ಹತ್ತಿರದ ಆಳು. ಮುಖ ಕಾಣಬೇಕಾದರೆ ಪಕ್ಕದ ದೊಡ್ಡ ಪರದೆಯೇ ಗತಿ. ಅಷ್ಟು ದೂರ ಹೋಗಿ ಟಿವಿ ನೋಡಿದ ಹಾಗಾಯಿತಲ್ಲ ಅಂತ ಮೊದಲ ಹತ್ತು ನಿಮಿಷ ಹೊಟ್ಟೆ ಉರಿಯಿತು. ನಗೆಗೆ ಚಿಕ್ಕ ಜಾಗವೇ ಸರಿ. ಹುಬ್ಬು ಎತ್ತಿದ್ದು ಕೊನೆಯ ಸಾಲಿಗೆ ಕಾಣಬೇಕು, ಇಲ್ಲದಿದ್ದರೆ ನಟ ಕೈಕಾಲು ಬೀಸಬೇಕಾಗುತ್ತದೆ. ಇಲ್ಲಿ ಕೈಕಾಲು ಬೀಸಲು ಕುಣಿಯುವ ಹುಡುಗ ಹುಡುಗಿಯರ ದೊಡ್ಡ ದಂಡೇ ಇತ್ತು, ವಾದ್ಯಗೋಷ್ಠಿ ಇತ್ತು. ಎರಡು ಪ್ರಹಸನದ ನಡುವೆ ಇವರು ಕುಣಿಯುತ್ತಿದ್ದರು, ಅಷ್ಟರಲ್ಲಿ ಒಳಗೆ ಎಪ್ಪತ್ತು ದಾಟಿದ ಐದು ಜನ ಉಸಿರು ಸುಧಾರಿಸಿಕೊಂಡು ಸೀರೆಯಲ್ಲ, ಫ್ರಾಕು ಬದಲಿಸಿಕೊಂಡು ಬರಬೇಕಲ್ಲ. ಆ ಕುಣಿತ ನನಗೆ ಅತಿಯಾಯಿತು ಅನ್ನಿಸಿತು. ನಿರ್ದೇಶನ ಐಡಲ್ ಅವರದು, ಅವರಿಗೆ ಹಾಡು ಕುಣಿತದ ಹುಚ್ಚು ಜಾಸ್ತಿ.

ಪ್ರಶ್ನೆ: ಎಲ್ಲ ಜೋಕೂ ಗೊತ್ತಿದ್ದದ್ದೇ ಅಂತೀರಿ. ಗೊತ್ತಿರುವ ಜೋಕಿಗೆ ನಗು ಬರುವುದು ಹೇಗೆ ಸಾರ್? ನನ್ನ ಯಜಮಾನರು ಒಂದೇ ಜೋಕನ್ನು ಇಪ್ಪತ್ತು ವರ್ಷದಿಂದ ಹೇಳ್ತಾರೆ, ನನಗೇನೂ ನಗು ಬರಲ್ಲ.
– ಶಿವಮೊಗ್ಗದ ಗೃಹಿಣಿ

ಉತ್ತರ: ನಿಮ್ಮ ಯಜಮಾನರು ಟಿಕೆಟ್ ಇಟ್ಟು ನೋಡಲಿ, ಆಗ ಗೊತ್ತಾಗುತ್ತದೆ.

ತಮಾಷೆ ಬಿಡಿ, ಒಳ್ಳೇ ಪ್ರಶ್ನೆ. ಸತ್ತ ಗಿಳಿಯ ಪ್ರಹಸನ ತೆಗೆದುಕೊಳ್ಳಿ, ಅದು ಮೊದಲು ಟಿವಿಯಲ್ಲಿ ಬಂದದ್ದು 1969ರ ಡಿಸೆಂಬರ್ 7ಕ್ಕೆ. ಗಿರಾಕಿಯೊಬ್ಬ ಪಂಜರ ಹಿಡಿದು ಅಂಗಡಿಗೆ ಬರುತ್ತಾನೆ, ಅರ್ಧ ಗಂಟೆ ಹಿಂದೆ ನೀವು ಮಾರಿದ ಗಿಳಿ ಸತ್ತಿದೆ ಅನ್ನುತ್ತಾನೆ. ಅಂಗಡಿಯವನು, ಅಂದರೆ ಪೇಲಿನ್, ಒಪ್ಪುವುದೇ ಇಲ್ಲ. ಸತ್ತಿಲ್ಲ, ವಿಶ್ರಾಂತಿ ತಗೊಳ್ತಿದೆ. ಸತ್ತಿಲ್ಲ, ಊರು ನೆನಪಾಗಿ ಬೇಜಾರಲ್ಲಿದೆ. ನಿಂತಿದೆಯಲ್ಲ ಅಂದರೆ, ಮೊಳೆ ಹೊಡೆದು ನಿಲ್ಲಿಸಿರುತ್ತಾರೆ! ಇದು ಹುಟ್ಟಿದ್ದು ಪೇಲಿನ್ ಅವರ ಕಾರು ರಿಪೇರಿಯವನಿಂದ. ಏನು ಕೆಟ್ಟಿದೆ ಅಂದರೂ ಆತ ‘ಏನಿಲ್ಲ ಬಿಡಿ, ಹೊಸ ಕಾರು ಅಲ್ವಾ, ಹಾಗೇ ಇರುತ್ತೆ’ ಅನ್ನುತ್ತಿದ್ದನಂತೆ. ಮೊದಲು ಕಾರಿನ ಪ್ರಹಸನವೇ ಬರೆದಿದ್ದರು. ಆಮೇಲೆ ಅದು ಗಿಳಿಯಾಯಿತು, ಹಾಗೆ ಬದಲಿಸಿದ್ದು ಚಾಪ್ಮನ್. ನಮ್ಮಲ್ಲಿ ಮಿಕ್ಸಿ ವಾಪಸ್ ತೆಗೆದುಕೊಂಡು ಹೋದ ಯಾರಿಗಾದರೂ ಈ ಅಂಗಡಿಯವನ ಪರಿಚಯ ಇದ್ದೇ ಇರುತ್ತದೆ.

ಈಗ ಓ2ಗೆ ಬನ್ನಿ. ಅಂಗಡಿಯ ಕಟ್ಟೆ ಕಾಣಿಸಿತು ಅಷ್ಟೇ, ಮಾತೇ ಶುರುವಾಗಿಲ್ಲ, ಜನ ಎದ್ದು ಕೂಗಿದರು. ಕ್ಲೀಸ್ ಪಂಜರ ಹಿಡಿದು ಬಂದರು, ಮತ್ತೆ ಚಪ್ಪಾಳೆ. ಪಕ್ಕದ ಸೀಟಿನ ಹಿರಿಯರು ತಲೆಗೆ ನಾಲ್ಕು ಮೂಲೆ ಗಂಟು ಹಾಕಿದ ಕರ್ಚೀಫು ಇಟ್ಟುಕೊಂಡಿದ್ದರು, ಅದು ಹಳೇ ಪ್ರಹಸನದ ಪೆದ್ದನ ವೇಷ. ಅವರು ಕ್ಲೀಸ್‌ಗಿಂತ ಒಂದು ಪದ ಮುಂದೆ ಹೋಗುತ್ತಿದ್ದರು. ‘ಮುಂದೇನು ಅಂತ ಗೊತ್ತಾಗಬಾರದು’ ಎಂದು ಹೊರಟ ತಂಡದ ಮುಂದೆ ಸಾವಿರಾರು ಜನ ಪಾಠ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದಾರೆ!

ನಮ್ಮ ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಅಂತ ಕೂಗಿದರೆ ಸತ್ತು ಬಿದ್ದ ಪಾತ್ರ ಎದ್ದು ಬಂದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ಹೇಳುತ್ತಾರಲ್ಲ, ಇಡೀ ಸಂಜೆ ಅದೇ ನಡೆಯಿತು. ಜನ ಬಂದದ್ದು ಜೋಕು ಕೇಳಲು ಅಲ್ಲ, ಒನ್ಸ್ ಮೋರ್ ಕೂಗಲು. ನಕ್ಕದ್ದು ಖಂಡಿತ, ಆದರೆ ಆ ನಗು ಬೇರೆ ಜಾತಿಯದು. ಆಶ್ಚರ್ಯದ ನಗು ಅಲ್ಲ, ಗುರುತಿನ ನಗು. ಹದಿನೈದು ನಿಮಿಷ ಚೆನ್ನಾಗಿರುತ್ತದೆ, ಎರಡು ಗಂಟೆಗೆ ಸ್ವಲ್ಪ ದಣಿವಾಗುತ್ತದೆ.

ನಿಜವಾದ ನಗು ಬಂದದ್ದು ಎಡವಿದಾಗ. ಕ್ಲೀಸ್‌ಗೆ ದನಿ ಒಡೆದಿತ್ತು. ಪೇಲಿನ್ ಬರೆದಿರದ ಏನೋ ಒಂದು ಮಾತು ಸೇರಿಸಿದರು, ಕ್ಲೀಸ್ ತುಟಿ ಕಚ್ಚಿಕೊಂಡು ತಡೆದರು, ಆಗಲಿಲ್ಲ. ಬಗ್ಗಿ ಕಟ್ಟೆಯ ಹಿಂದೆ ಮುಖ ಮರೆಸಿಕೊಂಡರು. ಪರದೆಯ ಮೇಲೆ ಪೇಲಿನ್ ಮುಖ ನೋಡಬೇಕಿತ್ತು, ಪಕ್ಕದ ಬೆಂಚಿನವನನ್ನು ಮೇಷ್ಟ್ರ ಮುಂದೆ ನಗಿಸಿ ಸಿಕ್ಕಿಹಾಕಿಸಿದ ಹುಡುಗನ ಖುಷಿ. ಕರ್ಚೀಫಿನ ಹಿರಿಯರಿಗೆ ಆ ಸಾಲು ಗೊತ್ತಿರಲಿಲ್ಲ. ಮೊದಲ ಸಲ ಅವರು ಬಾಯಿ ಮುಚ್ಚಿ ಕೇಳಿದರು.

ಪ್ರಶ್ನೆ: ನಮ್ಮ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನೂ ಜನ ಮತ್ತೆ ಮತ್ತೆ ನೋಡುತ್ತಿದ್ದರು. ಅದೂ ಇದೂ ಒಂದೇ ಅಲ್ಲವೇ?
– ಬೆಂಗಳೂರು, ಬಸವನಗುಡಿ

ಉತ್ತರ: ಅಲ್ಲ, ಪೂರ್ತಿ ಉಲ್ಟಾ. ಹಿರಣ್ಣಯ್ಯನವರ ನಾಟಕಕ್ಕೆ ಮತ್ತೆ ಹೋಗುತ್ತಿದ್ದದ್ದು ಇವತ್ತು ಹೊಸದಾಗಿ ಏನು ಬೈಯುತ್ತಾರೆ ಅಂತ ಕೇಳಲು. ಕಥೆ ಅದೇ, ಪಾತ್ರ ಅದೇ, ಆದರೆ ಆ ವಾರದ ರಾಜಕಾರಣ ನಡುವೆ ನುಗ್ಗಿಬಿಡುತ್ತಿತ್ತು. ಮಂತ್ರಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರೂ ಬಿಡುತ್ತಿರಲಿಲ್ಲ. ಪೈಥಾನ್ ತಂಡಕ್ಕೆ ಅಂಥ ದಾರಿ ಇರಲಿಲ್ಲ. ಗಿಳಿ ಮಾತಿನಲ್ಲಿ ಒಂದು ಪದ ಬದಲಿಸಿದರೂ ಜನ ‘ಅಯ್ಯೋ, ತಪ್ಪು’ ಅನ್ನುವ ಸ್ಥಿತಿ. ಜೋಕು ಅವರದಾಗಿ ಉಳಿದಿರಲಿಲ್ಲ, ಜನರದಾಗಿತ್ತು.

ಪ್ರಶ್ನೆ: ಸುಮ್ನೆ ದುಡ್ಡಿಗಾಗಿ ಮಾಡಿದ್ದಲ್ವಾ?
– ಮಂಗಳೂರು

ಉತ್ತರ: ಹೌದು. ಅವರೂ ಹೌದು ಅಂದರು, ಅದೇ ನನಗೆ ಇಷ್ಟವಾದದ್ದು.

ಕಥೆ ಹೀಗಿದೆ. 1975ರ ಅವರ ರಾಜ ಆರ್ಥರನ ಸಿನಿಮಾವನ್ನು ಇಟ್ಟುಕೊಂಡು ಐಡಲ್ ಒಂದು ಸಂಗೀತ ನಾಟಕ ಮಾಡಿದರು, ಹೆಸರು ‘ಸ್ಪ್ಯಾಮಲಾಟ್’. 2005ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಜೋರಾಗಿ ಓಡಿತು. ಮೂಲ ಸಿನಿಮಾದ ನಿರ್ಮಾಪಕ ಮಾರ್ಕ್ ಫಾರ್ಸ್ಟೇಟರ್, ಲಾಭದಲ್ಲಿ ನನಗೆ ಏಳರಲ್ಲಿ ಒಂದು ಪಾಲು ಬರಬೇಕು, ಲೆಕ್ಕಕ್ಕೆ ನಾನೂ ಏಳನೇ ಪೈಥಾನ್ ಎಂದು ಕೋರ್ಟಿಗೆ ಹೋದರು. 2013ರ ಜುಲೈನಲ್ಲಿ ಗೆದ್ದರು. ವಕೀಲರ ಖರ್ಚು ಸೇರಿ ತಂಡದ ತಲೆ ಮೇಲೆ ದೊಡ್ಡ ಬಿಲ್ಲು ಬಿತ್ತು. ನವೆಂಬರ್‌ನಲ್ಲಿ ಐದೂ ಜನ ಪತ್ರಕರ್ತರನ್ನು ಕರೆದು ಪ್ರದರ್ಶನ ಘೋಷಿಸಿದರು. ಮನೆ ಸಾಲ ತೀರಿಸಿಕೊಳ್ಳಬೇಕು ಅಂತ ಟೆರಿ ಜೋನ್ಸ್ ಬಾಯಿಬಿಟ್ಟು ಹೇಳಿದರು. ಕ್ಲೀಸ್ ಅಂತೂ ವಿಚ್ಛೇದನದ ಜೀವನಾಂಶ ಕಟ್ಟಲು ಅಂತಲೇ ಈ ಮೊದಲೇ ಒಂದು ಏಕವ್ಯಕ್ತಿ ಪ್ರವಾಸ ಮಾಡಿದ್ದರು, ಅದಕ್ಕೆ ಜೀವನಾಂಶದ ಪ್ರವಾಸ ಅಂತಲೇ ಹೆಸರು.

ಪ್ರಚಾರಕ್ಕೆ ಒಂದು ವಿಡಿಯೋ ಮಾಡಿಸಿದರು. ಅದರಲ್ಲಿ ರೋಲಿಂಗ್ ಸ್ಟೋನ್ಸ್‌ನ ಹಾಡುಗಾರ ಮಿಕ್ ಜಾಗರ್ ಟಿವಿ ಮುಂದೆ ಕೂತು, ಸುಕ್ಕುಗಟ್ಟಿದ ಮುದುಕರು ಯೌವನ ವಾಪಸ್ ತರೋಕೆ ಹೊರಟಿದ್ದಾರೆ, ದುಡ್ಡು ಮಾಡೋಕೆ ಹೊರಟಿದ್ದಾರೆ, ಅವರಲ್ಲಿ ಚೆನ್ನಾಗಿದ್ದವನು ಯಾವತ್ತೋ ಸತ್ತುಹೋದ, ಇದನ್ನ ಯಾರು ನೋಡ್ತಾರೆ ಅಂತ ಬೈಯುತ್ತಾರೆ. ಆಗ ಜಾಗರ್‌ಗೂ ಎಪ್ಪತ್ತು! ಅಭಿಮಾನಿಗಳ ಪ್ರೀತಿಗಾಗಿ, ಕಲೆಗಾಗಿ ಅಂತೆಲ್ಲ ಹೇಳಿ ದುಡ್ಡು ಕೀಳುವವರಿಗಿಂತ ಇವರು ವಾಸಿ.

ಪ್ರಶ್ನೆ: ಆ ಸತ್ತುಹೋದವರು ಯಾರು? ಅವರಿಲ್ಲದೆ ಹೇಗೆ ನಡೆಸಿದರು?
– ಕಲಬುರಗಿ

ಉತ್ತರ: ಗ್ರಹಾಂ ಚಾಪ್ಮನ್. ಓದಿದ್ದು ಡಾಕ್ಟರಿಕೆ, ಹಿಡಿದದ್ದು ನಗೆ. ಕ್ಯಾನ್ಸರ್ ಆಗಿ 1989ರ ಅಕ್ಟೋಬರ್ 4ಕ್ಕೆ ತೀರಿಕೊಂಡರು, ಮಾರನೇ ದಿನ ತಂಡಕ್ಕೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಸಂತೋಷಕೂಟ ಹಾಳುಮಾಡುವುದರಲ್ಲಿ ಇವನಿಗೆ ಸಾಟಿ ಇಲ್ಲ ಅಂತ ಜೋನ್ಸ್ ಅಂದಿದ್ದರು. ಶ್ರದ್ಧಾಂಜಲಿ ಸಭೆಯಲ್ಲಿ ಕ್ಲೀಸ್ ಎದ್ದು ನಿಂತು, ಸತ್ತ ಗಿಳಿಗೆ ಹೇಳುವ ಮಾತುಗಳನ್ನೇ ಗೆಳೆಯನಿಗೆ ಹೇಳಿದರು. ಜೊತೆಗೆ ಚೆನ್ನಾಗಿ ಬೈದರು. ಅಳುತ್ತಿದ್ದವರೆಲ್ಲ ನಕ್ಕರು. 1998ರಲ್ಲಿ ಅಮೆರಿಕದ ಆಸ್ಪೆನ್‌ನಲ್ಲಿ ಐವರೂ ಸೇರಿದಾಗ ವೇದಿಕೆಗೆ ಒಂದು ಕುಡಿಕೆ ತಂದರು, ಚಾಪ್ಮನ್ ಬೂದಿ ಅಂತ. ಗಿಲಿಯಂ ಕಾಲು ತಗಲಿ ಅದು ಉರುಳಿತು, ಎಲ್ಲರೂ ಸೇರಿ ಬೂದಿಯನ್ನು ಗುಡಿಸಿ ಚಾಪೆ ಕೆಳಗೆ ತಳ್ಳಿದರು. ನಮ್ಮಲ್ಲಿ ಹೀಗೆ ಮಾಡಿದರೆ ಮನೆಯವರು ಹೊಡೆಯುತ್ತಾರೆ.

2014ರಲ್ಲಿ ಅವರು ಹಳೇ ಚಿತ್ರೀಕರಣದ ಮೂಲಕ ಪರದೆ ಮೇಲೆ ಬಂದು ಹೋದರು. ಪ್ರದರ್ಶನದ ಉಪಶೀರ್ಷಿಕೆಯೇ ‘ಒಬ್ಬ ಹೋದ, ಇನ್ನೈದು ಬಾಕಿ’ ಅಂತ.

ಪ್ರಶ್ನೆ: ಕ್ಲೀಸ್ ಅವರ ಆ ಹುಚ್ಚು ನಡಿಗೆ ಮಾಡಿದರಾ?
– ದಾವಣಗೆರೆ

ಉತ್ತರ: ಮಾಡಲಿಲ್ಲ. ಗುಮಾಸ್ತನೊಬ್ಬ ಕಾಲನ್ನು ಅಡ್ಡಾದಿಡ್ಡಿ ಎತ್ತಿ ನಡೆಯುವ ಹಳೇ ಪ್ರಹಸನ ಅದು, ಆದರೆ ಕ್ಲೀಸ್‌ಗೆ ಮಂಡಿ, ಸೊಂಟದ ಕೀಲು ಎರಡೂ ಡಾಕ್ಟರು ಹಾಕಿದ್ದು. ಕುಣಿಯುವ ಹುಡುಗರು ಅವರ ಬದಲಿಗೆ ನಡೆದರು. ಚೆನ್ನಾಗಿ ನಡೆದರು, ನಗು ಬರಲಿಲ್ಲ. ಕೋಟು, ಟೋಪಿ, ಗಂಟುಮುಖದ ಗುಮಾಸ್ತ ಒಬ್ಬನೇ ಹಾಗೆ ಕಾಲೆತ್ತಿದರೆ ಮಜಾ, ಎಲ್ಲರೂ ಎತ್ತಿದರೆ ಡ್ರಿಲ್ಲು.

ಪ್ರಶ್ನೆ: ವಯಸ್ಸಾದ ಕಲಾವಿದರು ಮಾತು ಮರೆತು ತಡವರಿಸುವುದನ್ನು ನೋಡಲು ನನಗೆ ಸಂಕಟ. ಅವರು ಉತ್ತುಂಗದಲ್ಲಿದ್ದಾಗಲೇ ನಿಲ್ಲಿಸಬಾರದೇ?
– ಮೈಸೂರಿನ ನಿವೃತ್ತ ಉಪನ್ಯಾಸಕರು

ಉತ್ತರ: ಎರಡು ಮಾತು ಹೇಳುತ್ತೇನೆ, ಒಂದಕ್ಕೊಂದು ತಾಳೆಯಾಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಒಂದು ಪ್ರಹಸನ ಇದೆ. ನಾಲ್ಕು ಜನ ಯಾರ್ಕ್‌ಶೈರಿನ ಸಾಹುಕಾರರು ವೈನ್ ಕುಡಿಯುತ್ತಾ, ನಾನು ಚಿಕ್ಕವನಿದ್ದಾಗ ಎಷ್ಟು ಬಡವ ಅಂತ ಒಬ್ಬರನ್ನೊಬ್ಬರು ಮೀರಿಸುತ್ತಾ ಹೋಗುತ್ತಾರೆ. ನಮ್ಮದು ಮುರುಕು ಮನೆ ಅಂತ ಒಬ್ಬ. ಮನೆ ಇತ್ತಾ, ಅದೃಷ್ಟವಂತ, ನಾವು ಒಂದೇ ಕೋಣೆಯಲ್ಲಿದ್ವಿ ಅಂತ ಇನ್ನೊಬ್ಬ. ಕೊನೆಗೆ ನಡುರಸ್ತೆಯ ಚಪ್ಪಲಿ ಡಬ್ಬಿಯೊಳಗೆ ಸಂಸಾರ ಮಾಡುವವರೆಗೆ ಹೋಗುತ್ತದೆ. 1967ರಲ್ಲಿ, ಪೈಥಾನ್ ಹುಟ್ಟುವ ಮೊದಲು, ಬೇರೊಂದು ಟಿವಿ ಕಾರ್ಯಕ್ರಮಕ್ಕೆ ಬರೆದದ್ದು. ಆಗ ಮೂವತ್ತರ ಆಸುಪಾಸಿನ ಹುಡುಗರು ಮುದುಕರ ಹಾಗೆ ಆಡುತ್ತಿದ್ದರು. 2014ರಲ್ಲಿ ಆಡಿದವರು ನಿಜವಾದ ಮುದುಕರು, ನಿಜವಾದ ಸಾಹುಕಾರರು. ಬಿಳೀ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಒರಗಿ, ಅವಸರವೇ ಇಲ್ಲದೆ ಒಂದೊಂದೇ ಸುಳ್ಳು ಪೋಣಿಸಿದರು. ಇಡೀ ಸಂಜೆಯಲ್ಲಿ ಇದೊಂದು ವಯಸ್ಸಾದ ಮೇಲೆ ಇನ್ನೂ ಚೆನ್ನಾಗಿತ್ತು. ಬಡತನದ ಬಡಾಯಿ ನಮ್ಮ ಮದುವೆ ಮನೆಗಳಲ್ಲೂ ಊಟ ಆದ ಮೇಲೆ ಶುರುವಾಗುತ್ತದಲ್ಲ, ನನಗೆ ನಮ್ಮ ಚಿಕ್ಕಪ್ಪಂದಿರೇ ಕೂತ ಹಾಗೆ ಕಂಡಿತು. ಉತ್ತುಂಗದಲ್ಲೇ ನಿಲ್ಲಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಇನ್ನೊಂದು ಮಾತು ಕಷ್ಟದ್ದು. ಟೆರಿ ಜೋನ್ಸ್ ಕೆಲವು ಕಡೆ ಮಾತುಗಳನ್ನು ಓದಿ ಹೇಳುತ್ತಿದ್ದರು. ಸಭಾಂಗಣದಲ್ಲಿ ಕೂತವರು ಅದನ್ನೂ ತಮಾಷೆಯ ಭಾಗ ಅಂತ ತಿಳಿದು ನಕ್ಕರು. ನಾನೂ ನಕ್ಕೆ. ಎರಡು ವರ್ಷ ಆದ ಮೇಲೆ, 2016ರ ಸೆಪ್ಟೆಂಬರ್‌ನಲ್ಲಿ, ಅವರಿಗೆ ಮಾತನ್ನೇ ಕಸಿಯುವ ಒಂದು ಬಗೆಯ ಮರೆವಿನ ಕಾಯಿಲೆ ಇದೆ ಅಂತ ಮನೆಯವರು ತಿಳಿಸಿದರು. ಮಾತು ನೆನಪಿಡುವುದರಲ್ಲಿ ಜೋನ್ಸ್ ಯಾವಾಗಲೂ ಗಟ್ಟಿ, ಆ ಪ್ರದರ್ಶನದ ಹೊತ್ತಿಗೆ ಮೊದಲ ಸಲ ಪ್ರಾಂಪ್ಟರ್ ಯಂತ್ರ ಇಡಬೇಕಾಯಿತು, ಆಗಲೇ ಏನೋ ಸರಿ ಇಲ್ಲ ಅನ್ನಿಸಿತು ಎಂದು ಪೇಲಿನ್ ಆಮೇಲೆ ಹೇಳಿದ್ದಾರೆ. 2020ರ ಜನವರಿ 21ಕ್ಕೆ ಜೋನ್ಸ್ ಹೋದರು.

ಈಗ ಹೇಳಿ, ಅವರನ್ನು ವೇದಿಕೆಗೆ ಕರೆತರಬಾರದಿತ್ತೇ? ಮಾತು ಪೂರ್ತಿ ಹೋಗುವ ಮೊದಲು ಹತ್ತು ಸಂಜೆ, ಹಳೇ ಗೆಳೆಯರ ಜೊತೆ, ಹೆಂಗಸಿನ ವೇಷ ಹಾಕಿಕೊಂಡು ಕಿರುಚಿ ಅಷ್ಟು ಜನರನ್ನು ನಗಿಸಿದರು. ಗೆಳೆಯರು ಅವರ ಸಾಲು ತಪ್ಪಿದಾಗ ಪಕ್ಕದಿಂದ ಎತ್ತಿಕೊಟ್ಟು ಸರಿಮಾಡುತ್ತಿದ್ದರು. ಸಂಕಟ ನಿಮಗೆ, ನನಗೆ. ಅವರಿಗೆ ಆ ಹೊತ್ತಿನಲ್ಲಿ ಸಂಕಟವಿದ್ದ ಹಾಗೆ ಕಾಣಲಿಲ್ಲ. ನನ್ನನ್ನು ಕೇಳಿದರೆ, ಕರೆತಂದದ್ದೇ ಸರಿ.

ಪ್ರಶ್ನೆ: ಹಳೇ ಜೋಕುಗಳಲ್ಲಿ ಈಗ ಹೇಳಬಾರದ್ದು ಎಷ್ಟೋ ಇರುತ್ತದೆ. ಅವನ್ನೂ ಆಡಿದರಾ?
– ಬೆಂಗಳೂರಿನ ಕಾಲೇಜು ವಿದ್ಯಾರ್ಥಿನಿ

ಉತ್ತರ: ಆಡಿದರು. ಚೀನಿಯರ ಬಗ್ಗೆ ಐಡಲ್ ಅವರ ಒಂದು ಹಾಡಿದೆ, ಅದನ್ನು ಕುಣಿತದ ಸಮೇತ ತಂದರು. ನನ್ನ ಮಗಳು ಆ ಹಾಡು ಮುಗಿಯುವವರೆಗೆ ಫೋನು ನೋಡುತ್ತಾ ಕೂತಳು. ನನಗೂ ಅದು ಬೇಡವಾಗಿತ್ತು. ತಪ್ಪು ಒಪ್ಪಿನ ಮಾತು ಆಮೇಲೆ, ಮೊದಲು ಅದು ನಗು ಬರುವ ಹಾಡೇ ಅಲ್ಲ. ಹೆಂಗಸರ ವಿಷಯವೂ ಹಾಗೇ. ಆರೂ ಗಂಡಸರು. ಮುದುಕಿಯರ ಪಾತ್ರ ಸಿಕ್ಕರೆ ತಾವೇ ಹಾಕುತ್ತಿದ್ದರು, ಅಂದ ಬೇಕಾದಾಗ ಮಾತ್ರ ನಟಿ ಕ್ಯಾರೊಲ್ ಕ್ಲೀವ್‌ಲ್ಯಾಂಡ್ ಅವರನ್ನು ಕರೆಯುತ್ತಿದ್ದರು. 2014ರಲ್ಲೂ ಅವರು ಬಂದಿದ್ದರು, ಚೆನ್ನಾಗಿಯೇ ಮಾಡಿದರು. ಅಷ್ಟು ವರ್ಷ ಜೊತೆಗಿದ್ದವರಿಗೆ ಒಂದು ಒಳ್ಳೇ ಪ್ರಹಸನ ಹೊಸದಾಗಿ ಬರೆಯಬಹುದಿತ್ತಲ್ಲ.

ಪ್ರಶ್ನೆ: ಹೊಸದು ಅಂತ ಏನೂ ಇರಲಿಲ್ಲವೇ?
– ಉಡುಪಿ

ಉತ್ತರ: ಒಂದಿತ್ತು, ಅದೂ ವಿಡಿಯೋ. ಅವರ ಹಳೇ ಹಾಡೊಂದರಲ್ಲಿ ನಕ್ಷತ್ರ, ಗೆಲಾಕ್ಸಿಗಳ ಲೆಕ್ಕ ಬರುತ್ತದೆ. ವಿಜ್ಞಾನಿ ಬ್ರಯಾನ್ ಕಾಕ್ಸ್ ಪರದೆ ಮೇಲೆ ಬಂದು ಈ ಅಂಕಿ ತಪ್ಪು, ಆ ಅಂಕಿ ತಪ್ಪು ಅಂತ ಶುರು ಮಾಡುತ್ತಾರೆ. ಅಷ್ಟರಲ್ಲಿ ಸ್ಟೀಫನ್ ಹಾಕಿಂಗ್ ತಮ್ಮ ಗಾಲಿಕುರ್ಚಿಯಲ್ಲಿ ರಭಸವಾಗಿ ಬಂದು ಕಾಕ್ಸ್‌ರನ್ನು ಗುದ್ದಿ ಬೀಳಿಸಿ, ತಮ್ಮ ಯಂತ್ರದ ದನಿಯಲ್ಲಿ ತಾವೇ ಹಾಡುತ್ತಾ ಆಕಾಶಕ್ಕೆ ಹಾರುತ್ತಾರೆ. ಅಂಥ ಇನ್ನೂ ನಾಲ್ಕು ಇದ್ದಿದ್ದರೆ ಕುಣಿತದ ಅರ್ಧ ಕಡಿಮೆ ಮಾಡಬಹುದಿತ್ತು.

ಪ್ರಶ್ನೆ: ಮತ್ತೆ ಸೇರುತ್ತಾರಾ? ನಾನು ದುಡ್ಡು ಕೂಡಿಡಲೇ?
– ದುಬೈನಿಂದ, ಮೂಲ ಕುಂದಾಪುರ

ಉತ್ತರ: ಆ ದುಡ್ಡಿನಲ್ಲಿ ಊರಿಗೆ ಬಂದು ಯಕ್ಷಗಾನ ನೋಡಿ. ಕೊನೆಯ ದಿನದ ಪ್ರದರ್ಶನವನ್ನು ಸಿನಿಮಾ ಮಂದಿರಗಳಿಗೂ ಟಿವಿಗೂ ನೇರವಾಗಿ ಕೊಟ್ಟಿದ್ದರು. ಕಡೆಗೆ ಪರದೆ ಮೇಲೆ ಚಾಪ್ಮನ್ ಹೆಸರು, ಹುಟ್ಟು ಸಾವಿನ ಇಸವಿ. ಆಮೇಲೆ ‘ಮಾಂಟಿ ಪೈಥಾನ್ 1969–2014’. ಜನ ಕಣ್ಣೊರೆಸಿಕೊಳ್ಳುವ ಹೊತ್ತಿಗೆ, ಎದ್ದು ತೊಲಗಿ ಅನ್ನುವ ಅರ್ಥದ ಒಂದು ಪೋಲಿ ಬೈಗುಳ! ಈಗ ಇರುವವರು ನಾಲ್ಕು ಜನ, ಅವರಲ್ಲೂ ಹೊಂದಾಣಿಕೆ ಅಷ್ಟಕ್ಕಷ್ಟೆ. 2024ರಲ್ಲಿ ಐಡಲ್, ಎಂಬತ್ತು ದಾಟಿದರೂ ನಾನು ದುಡಿದೇ ತಿನ್ನಬೇಕಾಗಿದೆ, ತಂಡದ ದುಡ್ಡಿನ ವ್ಯವಹಾರ ಸರಿ ಇಲ್ಲ ಅಂತ ಎಲ್ಲರೆದುರೇ ದೂರಿದರು. ಕ್ಲೀಸ್ ಸುಮ್ಮನಿರುವ ಪೈಕಿ ಅಲ್ಲ, ತಿರುಗಿಸಿ ಕೊಟ್ಟರು. ಅದನ್ನು ನೋಡಲು ಟಿಕೆಟ್ ಬೇಕಾಗಿಲ್ಲ.

ಪ್ರಶ್ನೆ: ಇಂಗ್ಲಿಷ್ ಅಷ್ಟಾಗಿ ಬರಲ್ಲ ಸಾರ್. ಆದ್ರೂ ನೋಡಬಹುದಾ? ಎಲ್ಲಿಂದ ಶುರು ಮಾಡಲಿ?
– ಚಿತ್ರದುರ್ಗ

ಉತ್ತರ: ನಡಿಗೆಯ ಪ್ರಹಸನದಿಂದ ಶುರು ಮಾಡಿ, ಅದಕ್ಕೆ ಭಾಷೆಯೇ ಬೇಡ. ಆಮೇಲೆ 1969ರ ಗಿಳಿ. ಅದಾದ ಮೇಲೆ 2014ರ ಗಿಳಿ. ಎರಡನೆಯದರಲ್ಲಿ ಗಿಳಿಯನ್ನು ಬಿಟ್ಟು ಪೇಲಿನ್ ಮುಖ ನೋಡಿ.